ಬೊಟ್ಟಿಲ್ಲದ ಪ್ಲೇಟು

ಮೊನ್ನೆ ಅಂಚೆಯಲ್ಲಿ ಒಂದು ಲಗ್ನಪತ್ರಿಕೆ ಬಂತು. ಈಗಿನಂತೆ ಮೊಬೈಲಿಗೆ ಬಂದು ಬಿದ್ದು ತಾನೇ ಹಾಡಿ ಕುಣಿಯುವ ಪತ್ರಿಕೆಯಲ್ಲ. ಕೈಯಲ್ಲಿ ಹಿಡಿಯಬಹುದಾದ, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ ಕಾಗದದ ಪತ್ರಿಕೆ. ಹಚ್ಚಿದವರು ಧಾರಾಳ ಕೈಯವರಿರಬೇಕು. ಲಕೋಟೆ ತೆರೆಯುತ್ತಲೇ ಪುಡಿ ಉದುರಿ ನನ್ನ ಬಿಳಿ ಪೈಜಾಮದ ಮೇಲೆ ಬಿತ್ತು, ಹೆಬ್ಬೆರಳು ಹಳದಿಯಾಯಿತು. ಯಾರ ಮದುವೆ ಎಂದು ಓದುವ ಮೊದಲೇ ಹೆಬ್ಬೆರಳನ್ನು ಮೂಗಿಗೆ ಹಿಡಿದೆ. ಆ ವಾಸನೆ ಉಳಿದವರಿಗೆ ಅಡುಗೆಮನೆಯನ್ನೋ ಅವ್ವನ ಕೈಯನ್ನೋ ನೆನಪಿಸೀತು. ನನಗೆ ಮಾತ್ರ ಸಿನಿಮಾ ಹಾಡಿನ ಪ್ಲೇಟುಗಳನ್ನು ನೆನಪಿಸುತ್ತದೆ. ಯಾಕೆ ಎಂದು ಹೇಳಬೇಕಾದರೆ ನಾನು ಮಾಡಿದ ಒಂದು ಅಪ್ಪಟ ಮೂರ್ಖತನವನ್ನು ಹೇಳಬೇಕಾಗುತ್ತದೆ. ನಿಮಗೆ ಪುರಸೊತ್ತಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮನೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಊರಿನವರೆಲ್ಲ ಪ್ಲೇಟು ಮಾರಿ ಕ್ಯಾಸೆಟ್ ಕೊಳ್ಳುತ್ತಿದ್ದ ಕಾಲಕ್ಕೆ ಸರಿಯಾಗಿ ನನಗೆ ಪ್ಲೇಟು ಕೂಡಿಸುವ ಹುಚ್ಚು ಹಿಡಿಯಿತು. ಪ್ಲೇಟು ಎಂದರೆ ಗ್ರಾಮಫೋನಿನ ಕಪ್ಪು ತಟ್ಟೆ. ನಮ್ಮ ಕಡೆ ಹಾಗೆನ್ನುವುದೇ ರೂಢಿ. ನಾನು ಕೂಡಿಸುತ್ತಿದ್ದದ್ದಾದರೂ ಏನು? ಸಿನಿಮಾ ಹಾಡು. ಧಾರವಾಡದ ಸೀಮೆಯಲ್ಲಿ ಇದ್ದುಕೊಂಡು ರಾಗದಾರಿ ಸಂಗೀತ ಬಿಟ್ಟು ಸಿನಿಮಾ ಹಾಡು ಕೂಡಿಸುವವನನ್ನು ಕಂಡರೆ ಕಚೇರಿಯ ಹಿರಿಯರು, ಮಡಿಯಲ್ಲಿದ್ದಾಗ ಮುಟ್ಟಿಸಿಕೊಂಡವರಂತೆ ಮುಖ ಮಾಡುತ್ತಿದ್ದರು. ನಾನು ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಯಾವ ಚಿತ್ರ, ಯಾವ ವರ್ಷ, ಸಂಗೀತ ಯಾರದು, ಹಾಡಿದವರು ಯಾರು, ಮೊದಲ ಮುದ್ರಣವೋ ಮರುಮುದ್ರಣವೋ, ಎಲ್ಲವನ್ನೂ ದಪ್ಪ ರಿಜಿಸ್ಟರಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದೆ. ಕಚೇರಿಯ ಕಡತಗಳಿಗೆ ಆ ಭಾಗ್ಯದಲ್ಲಿ ಕಾಲುಭಾಗವೂ ಇರಲಿಲ್ಲ.

ಇಲ್ಲಿ ಒಂದು ಗುಟ್ಟು ಒಡೆಯಬೇಕು. ನಾನು ಆ ಪ್ಲೇಟುಗಳನ್ನು ಕೇಳುತ್ತಿರಲಿಲ್ಲ. ಮುಳ್ಳು ತಾಗಿದರೆ ಸವೆಯುತ್ತದೆಂಬ ಭಯ ಒಂದು. ಎರಡನೆಯ ಕಾರಣ ಮಗ್ಗುಲಮನೆಯ ಗಂಗವ್ವ. ನನ್ನಲ್ಲಿ ಟಿವಿ ಧಾರಾವಾಹಿಯೊಂದರ ಪ್ಲೇಟೂ ಇತ್ತು, ರವಿವಾರ ಮುಂಜಾನೆ ಊರಿನ ಓಣಿಗಳೆಲ್ಲ ಖಾಲಿಯಾಗುತ್ತಿದ್ದವಲ್ಲ, ಅಂಥದೊಂದು ಧಾರಾವಾಹಿ. ಒಂದು ಮಂಗಳವಾರ ಅದರ ಶುರುವಿನ ಹಾಡು ಹಚ್ಚಿದೆ. ಗಂಗವ್ವ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿ ಬಂದು, ನಮ್ಮ ಟಿವಿಯ ಮುಂದೆ ಪದ್ಮಾಸನ ಹಾಕಿ ಕುಳಿತುಬಿಟ್ಟಳು. ರೊಟ್ಟಿ ಸುಟ್ಟು ಕರಕಾಯಿತು, ಅಪವಾದ ನನಗೆ ಬಂತು. ಅಂದೇ ನನ್ನ ಹೆಂಡತಿ ಹುಕುಂ ಹೊರಡಿಸಿದಳು.

"ಬೇಕಾದ್ರ ಇಟಗೊಂಡು ನೋಡ್ರಿ. ಹಚ್ಚಬ್ಯಾಡ್ರಿ."

ನನಗೂ ಅದೇ ಬೇಕಾಗಿತ್ತು.

ದ್ಯಾಮಣ್ಣ ಕಾಕಾ ನನಗೆ ಸಿಕ್ಕದ್ದು ಇದೇ ದಿನಗಳಲ್ಲಿ. ಕಮರಿಪೇಟೆಯ ಓಣಿಯೊಂದರಲ್ಲಿ ಮದುವೆಗಳಿಗೆ ಮೈಕ್ ಸೆಟ್ ಒಯ್ಯುವ ಅಂಗಡಿ ಅವರದು. ಊರು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿ. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಹಂದರದ ಕಂಬಗಳಿಗೆ ಭೋಂಗಾ ಕಟ್ಟಿ ಹಾಡು ಹಚ್ಚಿದವರು. ಭೋಂಗಾ ಎಂದರೆ ಧತ್ತೂರಿ ಹೂವಿನಂತೆ ಬಾಯಿ ತೆರೆದ ಆ ದೊಡ್ಡ ಧ್ವನಿವರ್ಧಕ. ಕ್ಯಾಸೆಟ್ ಬಂದ ಮೇಲೆ ಅವರ ಪ್ಲೇಟುಗಳು ಎರಡು ಟ್ರಂಕು ತುಂಬಿ ಮೂಲೆಗೆ ಬಿದ್ದಿದ್ದವು. ನಾನು ಕೇಳಿದಾಗ ಟ್ರಂಕಿನ ಮೇಲಿನ ಧೂಳನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿದರು.

"ಒಯ್ಯರಿ ಸಾಹೇಬ್ರ. ಖರೇ ಒಂದು ಮಾತು. ನಮ್ಮ ರೇಣುಕಾನ ಮದವಿಗೆ ಇವನ್ನ ಹೊಳ್ಳಿ ತರಬೇಕು. ಅವತ್ತ ಕ್ಯಾಸೆಟ್ ಇಲ್ಲ, ಏನಿಲ್ಲ. ನಾನ ಕುಂತು ನನ್ನ ಕೈಲೇ ಹಚ್ಚಾಂವ."

"ತರತೇನ್ರಿ ಕಾಕಾ."

"ಮೂವತ್ತು ವರ್ಷ ಮಂದಿ ಹಂದರದಾಗ ಒಂದು ಹಾಡ ತಪ್ಪಿಲ್ಲ ನಾನು. ಕಡೀದು ಮಗಳ ಹಂದರದಾಗ ಹಚ್ಚಿ ಮುಗಸ್ತೇನಿ."

ಹಾಡು ತಪ್ಪುವುದು ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಸಣ್ಣ ಪ್ಲೇಟಿಗೆ ಎರಡು ಬದಿ, ಬದಿಗೊಂದು ಹಾಡು. ಒಂದು ಬದಿಯಲ್ಲಿ ನಾಯಕಿಗೆ ಮದುವೆಯ ಸಂಭ್ರಮ ಇದ್ದರೆ ಬೋರಲು ಹಾಕಿದ ಕೂಡಲೇ ಅದೇ ನಾಯಕಿ ಎದೆ ಬಡಿದುಕೊಂಡು ಅಳುತ್ತಿರುತ್ತಾಳೆ. ಹಂದರದಲ್ಲಿ ಅಳುವ ಬದಿ ಹಚ್ಚಿದರೆ ಮುಗಿಯಿತು. ಹಿಂದೆ ಒಂದೂರಿನಲ್ಲಿ ಬೀಗರು ಬಂದಿಳಿಯುವಾಗ ಯಾವನೋ ಒಬ್ಬ ಹೆಣದ ಮುಂದಿನ ಹಾಡು ಹಚ್ಚಿ, ಬೀಗರು ಬಂಡಿಯನ್ನು ಅಲ್ಲಿಂದಲೇ ಹಿಂದಕ್ಕೆ ಹೊಡೆದು, ಅವರನ್ನು ರಮಿಸಿ ಕರೆತರುವಷ್ಟರಲ್ಲಿ ಮುಹೂರ್ತವೇ ಮೀರಿತ್ತಂತೆ. ಆ ಮೈಕಿನವನು ಮುಂದೆ ಕಾಯಿಪಲ್ಯದ ವ್ಯಾಪಾರ ಹಿಡಿದನೆಂದು ಕಾಕಾ ಹೇಳುತ್ತಿದ್ದರು.

ಮನೆಗೆ ತಂದು ನೋಡಿದರೆ ಪ್ಲೇಟುಗಳ ಅವತಾರ ನೋಡುವ ಹಾಗಿರಲಿಲ್ಲ. ನಡುವಿನ ಗುಂಡು ಕಾಗದದ ಮೇಲೆ, ಹಾಡಿನ ಹೆಸರು ಅಚ್ಚಾದ ಜಾಗದಲ್ಲೇ, ಒಂದಕ್ಕೆ ಅರಿಷಿಣದ ಕಲೆ, ಒಂದಕ್ಕೆ ಕುಂಕುಮ, ಒಂದಕ್ಕೆ ಸುಣ್ಣ ಮೆತ್ತಿದೆ, ಇನ್ನೊಂದಕ್ಕೆ ಇದ್ದಿಲಿನ ಕಪ್ಪು. ಮೂವತ್ತು ವರ್ಷ ಮದುವೆಮನೆಗಳಲ್ಲಿ ತಿರುಗಿದ ಸಾಮಾನು, ಹೊಲಸಾಗದೆ ಇನ್ನೇನಾದೀತು ಎಂದುಕೊಂಡೆ. ಎರಡು ರವಿವಾರ ಪೂರ್ತಿ ಕುಳಿತು, ಹಸಿ ಹತ್ತಿಯಿಂದ ಒಂದೊಂದೇ ಕಾಗದ ಒರೆಸಿದೆ. ಸುಣ್ಣ ಹಟಮಾರಿ, ಅದನ್ನು ಉಗುರಿನಿಂದ ಎಬ್ಬಿಸಿದೆ. ಪ್ಲೇಟುಗಳನ್ನು ಸಾಬೂನು ನೀರಿನಲ್ಲಿ ತೊಳೆದು ಅಡುಗೆಮನೆಯ ಭಾಂಡೆ ಸ್ಟ್ಯಾಂಡಿನಲ್ಲಿ ತಾಟು ನಿಲ್ಲಿಸುವ ಕಡೆ ಸಾಲಾಗಿ ನಿಲ್ಲಿಸಿದೆ. ಅಂದು ಮಧ್ಯಾಹ್ನ ಉಣ್ಣಲು ತಾಟು ಹುಡುಕಿದ ಹೆಂಡತಿ ಏನೆಂದಳೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಹರಿದ ಹಳೆಯ ಹೊದಿಕೆಗಳನ್ನೆಲ್ಲ ಎಸೆದು, ಒಂದೇ ಅಳತೆಯ ಬಿಳಿ ಹೊದಿಕೆ ಹಾಕಿ, ನಂಬರು ಬರೆದು, ಅಕಾರಾದಿಯಾಗಿ ಜೋಡಿಸಿದೆ. ಆಗಲೇ ಒಂದು ಸಣ್ಣ ಪ್ಲೇಟಿನ ಮೇಲೆ ನನಗೆ ನಿಧಿ ಸಿಕ್ಕಿತು. ಪ್ಲೇಟಿನ ಮೈಯಲ್ಲೇ ಕೊರೆದ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆಯಾಗುತ್ತಿರಲಿಲ್ಲ. ಅಂದರೆ ಕಂಪನಿಯವರು ಎರಡು ಬದಿಯ ಕಾಗದಗಳನ್ನು ಅದಲುಬದಲು ಅಂಟಿಸಿದ್ದರು. ಮಂಗಳದ ಹಾಡು ಎಂದು ಅಚ್ಚಾದ ಬದಿಯಲ್ಲಿ ಅಳುವ ಹಾಡು, ಅಳುವ ಹಾಡು ಎಂದು ಅಚ್ಚಾದ ಬದಿಯಲ್ಲಿ ಮಂಗಳದ ಹಾಡು. ಕೂಡಿಸುವ ಹುಚ್ಚಿನವರಿಗೆ ಇಂಥ ತಪ್ಪು ಸಿಗುವುದು ಏಳು ಜನ್ಮದ ಪುಣ್ಯ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ "ಕಾಗದ ತಪ್ಪಿ ಅಂಟಿದೆ" ಎಂದು ಬರೆದು ಎರಡು ಗೆರೆ ಎಳೆದೆ. ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಒಬ್ಬರು, ಅಂಗಡಿಗೆ ಹೊಳ್ಳಿ ಕೊಟ್ಟು ಬದಲಿ ಮಾಡಿಸಿಕೊಳ್ಳಿ ಎಂದರು.

ಆರು ತಿಂಗಳಿಗೆ ರೇಣುಕಾಳ ಮದುವೆ ಬಂತು. ಬೀಗರು ಧಾರವಾಡದವರು. ವರ ಶಾಲಾ ಮಾಸ್ತರ, ವರನ ತಂದೆ ನಲವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವರ ಮನೆಯಲ್ಲಿ ಸೊಸೆಯಂದಿರೂ ಕಲಿಸುವವರೇ. ನಾನು ಮುಂಜಾನೆ ಎರಡೂ ಟ್ರಂಕುಗಳನ್ನು ಟೆಂಪೋದಲ್ಲಿ ಏರಿಸಿಕೊಂಡು ಸುಳ್ಳಕ್ಕೆ ಹೋದೆ. ಕಾಕಾ ಮನೆಯ ಮುಂದೆ ಹಂದರ, ನಾಲ್ಕು ದಿಕ್ಕಿಗೆ ನಾಲ್ಕು ಭೋಂಗಾ. ಮಷೀನಿನ ಮುಂದೆ ಕಾಕಾ ತಲೆಗೆ ಹೊಸ ಪಟಗಾ ಸುತ್ತಿ ಕುಳಿತಿದ್ದರು. ತೊಳೆದು ಒಪ್ಪವಾದ ಪ್ಲೇಟುಗಳನ್ನು ನೋಡಿ ಅವರು ಏನೆನ್ನುತ್ತಾರೋ ಎಂದು ನಾನು ಹಲ್ಲು ಕಿರಿಯುತ್ತ ಎದುರಿಗೆ ನಿಂತೆ.

ಕಾಕಾ ಮೊದಲನೆಯ ಪ್ಲೇಟು ತೆಗೆದರು. ಹಿಂದೆ ಮುಂದೆ ನೋಡಿದರು. ಎರಡನೆಯದು, ಮೂರನೆಯದು. ಮುಖ ಬಿಳುಪೇರಿತು.

"ಬೊಟ್ಟು ಎಲ್ಲಿ ಅದಾವ್ರಿ?"

"ತೊಳದೇನ್ರಿ ಕಾಕಾ. ಭಾಳ ಹೊಲಸಾಗಿದ್ದುವು."

"ಹೊಲಸಲ್ರಿ ಸಾಹೇಬ್ರ. ಅದು ನನ್ನ ಬರವಣಿಗಿ."

ನಾನು ಹಲ್ಲು ಮುಚ್ಚಿಕೊಂಡೆ. ಕಾಕಾ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡು, ಪಿಸುದನಿಯಲ್ಲಿ ಹೇಳಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹೊಸ ಪ್ಲೇಟು ಬಂದ ದಿನ ಎರಡೂ ಬದಿ ಕೇಳಿ, ಕೇಳಿದ್ದಕ್ಕೆ ತಕ್ಕ ಬೊಟ್ಟು ಇಡುತ್ತಿದ್ದರು. ಅಕ್ಕಿಕಾಳಿನ ಹೊತ್ತಿಗೆ, ಅಂದರೆ ಅಕ್ಷತೆಯ ಹೊತ್ತಿಗೆ ಸಲ್ಲುವ ಹಾಡಿಗೆ ಅರಿಷಿಣ. ಬೀಗರು ಬರುವಾಗ ಹಚ್ಚುವುದಕ್ಕೆ ಕುಂಕುಮ. ಊಟದ ಹೊತ್ತಿನದಕ್ಕೆ ಸುಣ್ಣ. ಹಂದರದಲ್ಲಿ ಹಚ್ಚಲೇಬಾರದ್ದಕ್ಕೆ ಇದ್ದಿಲು. ಮೂವತ್ತು ವರ್ಷ ಒಂದೂ ತಪ್ಪಿರಲಿಲ್ಲ.

"ಯಾರಿಗೂ ಗೊತ್ತಿಲ್ರಿ ಇದು. ರೇಣುಕಾಗೂ ಗೊತ್ತಿಲ್ಲ. ಹೆಣ್ಣ ನೋಡಾಕ ಬಂದಾಗ ಬೀಗರು, ಎಷ್ಟರ ತನಕ ಸಾಲಿ ಕಲತೀರಿ ಅಂತ ಕೇಳಿದ್ರು. ಮುಲ್ಕಿ ಪಾಸಾಗೇನಿ ಅಂದುಬಿಟ್ಟೇನಿ."

ಮುಲ್ಕಿ ಎಂದರೆ ಹಿಂದಿನ ಕಾಲದ ಏಳನೆಯ ಇಯತ್ತೆಯ ಪರೀಕ್ಷೆ. ಅಂದಿನ ಮುಲ್ಕಿ ಪಾಸಾದವರು ಮಾಸ್ತರರೇ ಆಗುತ್ತಿದ್ದರು. ಕಾಕಾ ಹೇಳಿದ್ದು ಸಣ್ಣ ಸುಳ್ಳಾಗಿರಲಿಲ್ಲ. ಈಗ ಬೀಗರು ಇನ್ನರ್ಧ ತಾಸಿನಲ್ಲಿ ಬರುವವರಿದ್ದರು, ಮತ್ತು ಮುಲ್ಕಿ ಪಾಸಾದ ಮನುಷ್ಯ ತನ್ನದೇ ಪ್ಲೇಟಿನ ಮೇಲಿನ ಹೆಸರು ಓದಲಾರದೆ ಕುಳಿತಿದ್ದ. ನನಗೆ ಆ ಕ್ಷಣ ಭೂಮಿ ಬಾಯ್ದೆರೆದು ನುಂಗಬಾರದೆ ಅನ್ನಿಸಿತು. ಆದರೆ ಸುಳ್ಳದ ಎರೆಭೂಮಿ ಬಾಯ್ದೆರೆಯುವುದು ಬೇಸಿಗೆಯಲ್ಲಿ, ಅದು ಇನ್ನೂ ಬಂದಿರಲಿಲ್ಲ.

ಒಳಗಿನಿಂದ ಅರಿಷಿಣ ಕುಂಕುಮದ ಬಟ್ಟಲು ತಂದೆ, ಎಲೆಅಡಿಕೆ ತಾಟಿನಿಂದ ಸುಣ್ಣದ ಡಬ್ಬಿ, ಒಲೆಯ ಕಡೆಯಿಂದ ಒಂದು ಇದ್ದಿಲು. ಟೇಬಲ್ಲಿನ ಹಿಂದೆ ಇಬ್ಬರೂ ತಲೆ ಬಗ್ಗಿಸಿ ಕುಳಿತೆವು. ನಾನು ಹಾಡಿನ ಮೊದಲ ಸಾಲನ್ನು ಮೆಲ್ಲಗೆ ಓದುವುದು, ಕಾಕಾ ತೀರ್ಪು ಕೊಟ್ಟು ಬೊಟ್ಟು ಇಡುವುದು.

"ಅದರಾಗ ಆಕಿ ಹೊಳಿಗೆ ಹಾರತಾಳ್ರಿ. ಇದ್ದಿಲು."

"ಇದು?"

"ಅಂವ ಪರಊರಿಂದ ಬರ್ತಾನ. ಕುಂಕುಮ."

"ಇದು?"

"ಹಾಡ ಛಲೋ ಐತಿ, ಖರೇ ನಡುವ ಆಕಿ ಗಂಡ ಕೆಮ್ಮತಾನ. ಊಟದಾಗ ಕೆಮ್ಮು ಬ್ಯಾಡ."

"ಇದು ಮೊದಲ ಮುದ್ರಣದ್ದು ಕಾಕಾ, ಭಾಳ ಅಪರೂಪದ್ದು."

"ಇದರಾಗ ಅಳತಾರೋ ನಗತಾರೋ ಅದನ್ನ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಇನ್ನೂರು ಪ್ಲೇಟಿನ ಒಡೆಯ ನಾನು. ಹಾಡಿದವರ ಹೆಸರು, ವರ್ಷ, ಸಂಖ್ಯೆ ಎಲ್ಲ ಬಾಯಿಪಾಠ. ಅದರೊಳಗೆ ಅಳುತ್ತಾರೋ ನಗುತ್ತಾರೋ ತಿಳಿಯದು. ಅವರಿಗೆ ಓದಲು ಬಾರದು, ನನಗೆ ಕೇಳಿ ಗೊತ್ತಿಲ್ಲ. ಇಬ್ಬರೂ ಸೇರಿ ಒಬ್ಬ ಮೈಕಿನವನಾಗಿ ಕುಳಿತಿದ್ದೆವು.

ಬೀಗರ ಗಾಡಿ ಬಂತು. ಕುಂಕುಮದ ಹಾಡು ಸರಿಯಾಗಿಯೇ ಹತ್ತಿತು. ವರನ ತಂದೆ ಮಾಸ್ತರರು ಗಾಡಿಯಿಂದಿಳಿದು, ಭೋಂಗಾದ ಕಡೆ ನೋಡಿ ತಲೆದೂಗಿದರು. ನಾವು ಅಷ್ಟಕ್ಕೇ ಬೀಗಿದೆವು. ಅರ್ಧ ಟ್ರಂಕಿಗೂ ಬೊಟ್ಟು ಮುಗಿದಿರಲಿಲ್ಲ, ಅಷ್ಟರಲ್ಲಿ ಮದುವೆ ಮಾಡಿಸುವ ಅಯ್ಯನವರು ಹಂದರದಿಂದ ಕೂಗಿದರು.

"ದ್ಯಾಮಣ್ಣಾ, ಅಕ್ಕಿಕಾಳ ಹೊತ್ತಾತು. ಹಚ್ಚಪಾ."

"ಲಗೂ ಕೊಡ್ರಿ ಸಾಹೇಬ್ರ, ಅಕ್ಕಿಕಾಳಿಂದು," ಎಂದು ಕಾಕಾ ಕೈ ಚಾಚಿದರು. ನಾನು ಎದುರಿಗೆ ಸಿಕ್ಕ ಸಣ್ಣ ಪ್ಲೇಟಿನ ಕಾಗದ ಓದಿದೆ. ಹಾಡಿನ ಸಾಲಿನಲ್ಲೇ ಮಂಗಳವಿತ್ತು, ಮದುಮಗಳಿದ್ದಳು, ತೋರಣವಿತ್ತು. ಇದಕ್ಕಿಂತ ಇನ್ನೇನು ಬೇಕು? ಆ ಬದಿಯನ್ನೇ ಮೇಲೆ ಮಾಡಿ ಕೊಟ್ಟೆ.

ಯಾವ ಪ್ಲೇಟೆಂದು ನಿಮಗಾಗಲೇ ತಿಳಿದಿರಬೇಕು. ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದವನಿಗೆ ಮಾತ್ರ ತಿಳಿಯಲಿಲ್ಲ.

ಮೊದಲು ಶಹನಾಯಿ ಬಂತು, ಎಲ್ಲರ ಮುಖ ಅರಳಿತು. ಅಕ್ಕಿಕಾಳು ಹಿಡಿದ ಕೈಗಳು ಮೇಲೆದ್ದವು. ಆಮೇಲೆ ನಾಲ್ಕೂ ಭೋಂಗಾಗಳಿಂದ ಒಂದು ಹೆಣ್ಣಿನ ದೀರ್ಘ ಬಿಕ್ಕಳಿಕೆ ಹೊರಟು ಸುಳ್ಳದ ಹೊಲಗಳವರೆಗೆ ಹೋಯಿತು. ಗಂಡ ದಂಡಿಗೆ ಹೋಗಿ ತಿರುಗಿ ಬಾರದ ಒಬ್ಬಾಕೆ, ತನ್ನ ಕುಂಕುಮ ಅಳಿಸಿದವನು ಯಾರೆಂದು ದೇವರನ್ನು ಕೇಳುತ್ತಿದ್ದಳು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ವರನ ಸೋದರತ್ತೆಯೊಬ್ಬಳು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಡ ಭಾಳ ಛಲೋ ಐತಿ" ಎಂದಳು.

ಕಾಕಾ ಮುಳ್ಳನ್ನು ಕಿತ್ತ ಸದ್ದು ಭೋಂಗಾದಲ್ಲಿ ಕರ್ರೆಂದಿತು. ಮಾಸ್ತರರು ಎದ್ದರು. ಮಂದಿ ದಾರಿ ಬಿಟ್ಟಿತು. ಅವರು ನಮ್ಮತ್ತ ನಡೆದು ಬಂದರು. ಏನೂ ತೋಚದೆ ಕಾಕಾ ಪ್ಲೇಟು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ತುಟಿ ಅಲುಗಾಡಿಸುತ್ತ ಓದುವವರಂತೆ ನಿಂತರು. ಮಾಸ್ತರರು ಅದನ್ನು ಅವರ ಕೈಯಿಂದ ಇಸಿದುಕೊಂಡು, ಅರ್ಧ ಸುತ್ತು ತಿರುಗಿಸಿ, ಕನ್ನಡಕ ಏರಿಸಿ ನೋಡಿದರು. ಆಮೇಲೆ ತರಗತಿಯ ಹಿಂದಿನ ಮಣೆಯವರೆಗೂ ಕೇಳುವಂಥ ದನಿಯಲ್ಲಿ, ಅಚ್ಚಾದ ಹಾಡಿನ ಹೆಸರನ್ನು ಗಟ್ಟಿಯಾಗಿ ಓದಿದರು.

"ನೋಡ್ರಿಪಾ, ಇಲ್ಲಿ ಬರದದ್ದು ಮಂಗಳದ ಹಾಡು. ಕಂಪನಿಯವರು ಕಾಗದ ತಪ್ಪಿ ಅಂಟಿಸ್ಯಾರ. ಓದಾಕ ಬಂದವರು ಯಾರಿದ್ರೂ ಇದನ್ನ ಹಚ್ಚತಿದ್ರು. ಬೀಗರ, ಬೋರಲ ಹಾಕಿ ಹಚ್ಚರಿ."

ಬೋರಲು ಹಾಕಿ ಹಚ್ಚಿದರು. ಮಂಗಳದ ಹಾಡು ಬಂತು, ಅಕ್ಕಿಕಾಳು ಬಿದ್ದವು.

ಊಟದ ಪಂಕ್ತಿ ಕುಳಿತ ಮೇಲೆ, ಸುಣ್ಣದ ಬೊಟ್ಟಿನ ಹಾಡು ನಡೆದಿರುವಾಗ, ನಾನು ಕಾಕಾನ ಕ್ಷಮೆ ಕೇಳಿದೆ. ಅವರ ಮೂವತ್ತು ವರ್ಷದ ಹೆಸರನ್ನು ನಾನು ಹಸಿ ಹತ್ತಿಯಿಂದ ಒರೆಸಿ ಹಾಕಿದ್ದೆ.

"ಮೂವತ್ತು ವರ್ಷ ಓದದ ಹಚ್ಚಿದೆ, ಒಂದು ತಪ್ಪಲಿಲ್ಲ. ಬರೇ ಓದಿ ಹಚ್ಚಿದ್ದು ಇದೊಂದ ಹಾಡ ನೋಡ್ರಿ," ಎಂದು ಕಾಕಾ ನಕ್ಕುಬಿಟ್ಟರು. "ಇರಲಿ. ಮುಲ್ಕಿ ಅಂತೂ ಪಾಸಾತು."

ಅಂದಿನಿಂದ ಕಾಕಾ ತಿಂಗಳಿಗೊಂದು ರವಿವಾರ ಬಸ್ಸು ಹಿಡಿದು ಗೋಪನಕೊಪ್ಪಕ್ಕೆ ಬರತೊಡಗಿದರು. ಉಳಿದ ಪ್ಲೇಟುಗಳಿಗೆ ಬೊಟ್ಟು ಇಡುವ ಕೆಲಸವಿತ್ತಲ್ಲ. ನಾನು ಓದುವುದು ಅವರು ಹೇಳುವುದು ಈಗ ನಡೆಯುತ್ತಿರಲಿಲ್ಲ. ಎರಡೂ ಬದಿ ಪೂರ್ತಿ ಕೇಳಿಯೇ ಬೊಟ್ಟು ಎಂದು ಅವರು ಪಟ್ಟು ಹಿಡಿದರು. ಹಾಗಾಗಿ ಇನ್ನೂರು ಪ್ಲೇಟಿನ ಒಡೆಯ ಮೊದಲ ಬಾರಿ ತನ್ನ ಪ್ಲೇಟುಗಳನ್ನು ಪೂರ್ತಿ ಕೇಳಿದ. ನನ್ನ ಹೆಂಡತಿ ಕಾಕಾನೆದುರು ಹುಕುಂ ನಡೆಸಲಾರದೆ ಚಹಾ ಕಾಸಿದಳು. ಗಂಗವ್ವ ಮುಂಚಿತವಾಗಿಯೇ ರೊಟ್ಟಿ ಮುಗಿಸಿ ಬಂದು ಕುಳಿತಳು. ಎಂಟು ಹತ್ತು ವರ್ಷ ಹೀಗೆ ನಡೆಯಿತು. ಊರಿಗೆ ಸಿಡಿ ಬಂತು, ಹೋಯಿತು. ನಮ್ಮ ಬೊಟ್ಟಿನ ಕೆಲಸ ಮುಗಿಯಲಿಲ್ಲ, ಮುಗಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಆ ತಪ್ಪು ಕಾಗದದ ಪ್ಲೇಟು ಕೈಗೆ ಬಂದಾಗಲೆಲ್ಲ ಕಾಕಾ ಅದನ್ನು ಬದಿಗಿಡುತ್ತಿದ್ದರು.

"ಇದಕ್ಕ ಯಾವ ಬೊಟ್ಟು ಇಡಬೇಕು ಇನ್ನೂ ತಿಳಿವಲ್ದು ಸಾಹೇಬ್ರ. ಹಂಗ ಇರಲಿ."

ಹಾಗೇ ಇತ್ತು. ಒಂದು ರವಿವಾರ ಕಾಕಾ ಬರಲಿಲ್ಲ. ಮುಂದಿನ ರವಿವಾರ ರೇಣುಕಾಳ ಫೋನು ಬಂತು. ನಾನು ಸುಳ್ಳಕ್ಕೆ ಹೋಗಿ ಮಣ್ಣು ಹಾಕಿ ಬಂದೆ. ಅವರ ಗುಟ್ಟನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಬದುಕಿನಲ್ಲಿ ಅದೊಂದು ವಿಷಯದಲ್ಲಾದರೂ ನಾನು ಘನವಾಗಿ ನಡೆದುಕೊಂಡೆನೆಂಬ ಹೆಮ್ಮೆ ನನಗಿತ್ತು.

ಮೊನ್ನೆ ಬಂದ ಪತ್ರಿಕೆ ರೇಣುಕಾಳ ಮಗಳ ಮದುವೆಯದು. ಹೆಬ್ಬೆರಳು ಮೂಗಿನ ಹತ್ತಿರ ಇರುವಾಗಲೇ ಆಕೆಯ ಫೋನು ಬಂತು.

"ಪತ್ರಿಕಾ ಮುಟ್ಟಿತೇನ್ರಿ ಅಣ್ಣಾರ? ಅಪ್ಪನ ಪ್ಲೇಟು ತರ್ರಿ ಮತ್ತ. ಅಕ್ಕಿಕಾಳಿಗೆ ನನ್ನ ಮದವ್ಯಾಗ ಹಚ್ಚಿದ್ದ ಹಾಡ ಬೇಕು."

"ಮಂಗಳದ್ದಲ್ಲವಾ?"

"ಅಲ್ರಿ. ಮೊದಲ ಹಚ್ಚಿದ್ದು. ಅಳೂ ಹಾಡು."

"ಹುಚ್ಚಿ ಅದೀಯೇನವಾ. ಯಾರರ ಹಚ್ಚತಾರೇನು?"

"ಇಷ್ಟು ವರ್ಷದಾಗ ನಮ್ಮನ್ಯಾಗ ಒಂದಿನಾನೂ ಅಳೂ ಹಂತಾ ಜಗಳಾಗಿಲ್ರಿ. ನನ್ನ ಪಾಲಿನ ಅಳು ಎಲ್ಲಾ ಅವತ್ತ ಆ ಪ್ಲೇಟಿನಾಗಿನ ಆಕಿನ ಅತ್ತು ಮುಗಿಸಿಬಿಟ್ಲು. ನನ್ನ ಮಗಳಿಗೂ ಹಂಗ ಆಗಲಿ." ಆಮೇಲೆ ಕೇಳಿದಳು. "ಅಪ್ಪಗ ಓದಾಕ ಬರ್ತಿದ್ದಿಲ್ಲ, ನಿಮಗ ಗೊತ್ತಿತ್ತಲ್ರಿ?"

"ಛೇ ಛೇ, ಮುಲ್ಕಿ ಪಾಸಾಗಿದ್ರಲ್ಲ."

ಆಕೆ ನಕ್ಕಳು. "ಸಣ್ಣಾಕಿದ್ದಾಗಿಂದ ನನಗ ಗೊತ್ತಿತ್ರಿ. ನನ್ನ ಸಾಲಿ ಪುಸ್ತಕಾ ತೆಲಿಕೆಳಗ ಹಿಡದು ನೋಡತಿದ್ರು. ಅವತ್ತ ಹಂದರದಾಗ ಪ್ಲೇಟೂ ಹಂಗ ಹಿಡದಿದ್ರಂತ. ನಲವತ್ತು ವರ್ಷ ಒಂದನೇ ಇಯತ್ತಾ ಹುಡುಗೂರಿಗೆ ಕಲಿಸಿದವರಿಗೆ ತಿಳಿಯಾಂಗಿಲ್ಲೇನ್ರಿ? ಅದಕ್ಕ ನಮ್ಮ ಮಾವಾರು ಎಲ್ಲಾರಿಗೂ ಕೇಳೂ ಹಂಗ ಓದಿದ್ರು."

ಫೋನಿಟ್ಟೆ. ನಾನೊಬ್ಬನೇ ಕಾವಲು ಕಾಯುತ್ತಿದ್ದೇನೆಂದು ತಿಳಿದ ಬಾಗಿಲಿಗೆ ಎಷ್ಟು ಜನ ನನಗಿಂತ ಮೊದಲೇ ಬೆನ್ನು ಕೊಟ್ಟು ನಿಂತಿದ್ದರು. ಮಾಸ್ತರರು ಪ್ಲೇಟನ್ನು ಅರ್ಧ ಸುತ್ತು ತಿರುಗಿಸಿದ್ದನ್ನು ಒಂದು ಮೊಳ ದೂರದಿಂದ ಕಂಡಿದ್ದೆ, ಅರ್ಥ ಮಾತ್ರ ಆಗಿರಲಿಲ್ಲ. ಓದು ಬರುವವರ ಹಣೆಬರಹವೇ ಇಷ್ಟು ಎನ್ನಿಸಿ ನಗು ಬಂತು, ಕಣ್ಣೂ ತುಂಬಿದವು.

ಕಪಾಟು ತೆಗೆದು ಆ ಸಣ್ಣ ಪ್ಲೇಟನ್ನು ಹೊರಗೆ ಇಟ್ಟೆ. ಇನ್ನೂರರಲ್ಲಿ ಕಾಕಾ ಬೇಕೆಂದೇ ಬೊಟ್ಟಿಲ್ಲದೆ ಬಿಟ್ಟದ್ದು ಅದೊಂದೇ. ಪತ್ರಿಕೆಯ ಮೂಲೆಯ ಅರಿಷಿಣವನ್ನು ಹಸಿ ಮಾಡಿದ ಹೆಬ್ಬೆರಳಿಗೆ ಒತ್ತಿಕೊಂಡು, ಅಳುವ ಹಾಡಿನ ಬದಿಯ ಮೇಲೆ, ಮಂಗಳ ಎಂದು ತಪ್ಪಿ ಅಚ್ಚಾದ ಹೆಸರಿನ ಮಗ್ಗುಲಲ್ಲೇ, ಒಂದು ಬೊಟ್ಟು ಇಟ್ಟೆ. ಓದಲು ಬರುವವರಿಗೂ ಬಾರದವರಿಗೂ ಈಗ ಅಲ್ಲಿ ಬರೆದದ್ದು ಒಂದೇ. ಆಮೇಲೆ ರಿಜಿಸ್ಟರು ತೆರೆದು, "ಕಾಗದ ತಪ್ಪಿ ಅಂಟಿದೆ" ಎಂಬ ಕೆಂಪು ಸಾಲನ್ನು ಹೊಡೆದು ಹಾಕಿದೆ.